ಕೂಗಳತೆ

ನಕ್ಷತ್ರ ಎಣಿಸಬೇಡಿ ಸ್ವಾಮಿ, ಸೇತುವೆ ಎಣಿಸಿ.
ಬಸ್ಸು ತಂದು ಇಳಿಸುವುದು ಇಲ್ಲಿಯವರೆಗೆ;
ಇಲ್ಲಿಂದ ಮುಂದೆ ವೆನಿಸ್‌ನಲ್ಲಿ ಚಕ್ರಕ್ಕೆ ಮರ್ಯಾದೆಯಿಲ್ಲ.
ಮೆಟ್ಟಿಲು, ನೀರು, ಮತ್ತೆ ಮೆಟ್ಟಿಲು.
ನಡುವೆ ನಾನು, ಅಂಪೇಲಿಯೊ, ಕೈಗಾಡಿಯವನು,
ಇಪ್ಪತ್ತೇಳು ವರ್ಷದಿಂದ
ಪೆಟ್ಟಿಗೆ ಎತ್ತಿದೊಡನೆ
ಒಡೆಯನ ಭಯ ಎಷ್ಟು ಕಿಲೋ ಎಂದು ಹೇಳಬಲ್ಲವನು.

ಎರಡೇ ರಾತ್ರಿಗೆ ಬಂದವರು
ನಾಲ್ಕು ಜೊತೆ ಬೂಟು ತಂದಿರುತ್ತಾರೆ.

ನೀರು ಕಾಣುವ ಕೋಣೆಯೇ ಬೇಕೆ?
ಕೊಡುತ್ತಾರೆ. ನೀರಿಗೂ ನೀವು ಕಾಣುತ್ತೀರಿ.
ಬೆಳಗಿನ ಆರಕ್ಕೆ ಕಸದ ದೋಣಿ ಬಂದು
ಕಿಟಕಿಯ ಕೆಳಗೇ ಕೆಮ್ಮುತ್ತದೆ.
ಅಗ್ಗವೆಂದು ನವೆಂಬರಿನಲ್ಲಿ ನೆಲಮಹಡಿ ಹಿಡಿದಿರೋ,
ನಿಮ್ಮ ಚಪ್ಪಲಿ ನಿಮಗಿಂತ ಮೊದಲೇ ಎದ್ದು
ಊರು ನೋಡಲು ಹೊರಟಿರುತ್ತದೆ.
ನಿಲ್ದಾಣದ ಹತ್ತಿರ ಆಗಬಹುದು, ನಾಲ್ಕು ಹೆಜ್ಜೆ,
ಆದರೆ ರಾತ್ರಿಯಿಡೀ ಹೊರಡುವವರ ಸದ್ದು ಕೇಳಿ ಕೇಳಿ
ಬಂದ ದಿನವೇ ಹೊರಟಂತಾಗುತ್ತದೆ.

ಹೋದ ಮಾರ್ಚಿಯಲ್ಲಿ ಗ್ರಾಟ್ಸ್‌ನಿಂದ ಅಕ್ಕ ತಂಗಿ ಬಂದಿದ್ದರು.
ಅಕ್ಕ ಟ್ರೌಡಲ್‌ಗೆ ಎಪ್ಪತ್ತು ದಾಟಿದ ಮೊಣಕಾಲು,
ಹೆಡ್ವಿಗ್‌ಗೆ ಹತ್ತು ದಾಟದ ಹಟ.
ಒಬ್ಬಳಿಗೆ ಮೆಟ್ಟಿಲಿಲ್ಲದ ದಾರಿ ಬೇಕು,
ಒಬ್ಬಳಿಗೆ ಬಾಲ್ಕನಿ.
ನನ್ನ ಗಾಡಿಗೆ ಒರಗಿಕೊಂಡೇ ಜಗಳ, ಜರ್ಮನ್‌ನಲ್ಲಿ;
ಅದರಲ್ಲಿ ನನಗೆ ತಿಳಿದದ್ದು
ಅಮ್ಮ ಎಂಬ ಒಂದು ಮಾತು, ಮೂರು ಸಲ.

ಕೊನೆಗೆ ಬೇರೆ ಬೇರೆ ಮನೆ ಹಿಡಿದರು.
ಕಾಲುವೆಯ ಆ ದಡಕ್ಕೊಬ್ಬಳು, ಈ ದಡಕ್ಕೊಬ್ಬಳು.
ಕಿಟಕಿಗೆ ಕಿಟಕಿ ಎದುರಾಗುತ್ತದೆಂದು
ಅವರಿಗೆ ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು. ಹೇಳಲಿಲ್ಲ.

ನಡುವೆ ನಾಲ್ಕು ಮಾರು ನೀರು.
ನಡೆದು ಹೋದರೆ ಐದು ಸೇತುವೆ, ಒಂದು ಇಗರ್ಜಿ,
ಹೊಸಬರಾದರೆ ಎರಡು ಸಲ ದಾರಿ ತಪ್ಪುವುದು.

ಮೊದಲ ರಾತ್ರಿ ಎರಡೂ ಕಿಟಕಿ ಮುಚ್ಚಿತ್ತು.
ಬೆಳಿಗ್ಗೆ ನಡೆದದ್ದು ಕಸದ ದೋಣಿಯ ಮಿರ್ಕೊ ಹೇಳಿದ್ದು,
ಅವನಿಗೆ ಚೂರು ಜರ್ಮನ್ ಬರುತ್ತದೆ:
ಒಬ್ಬಳು ಪರದೆ ಸರಿಸಿ,
ಆಕಾಶಕ್ಕೆ ಹೇಳುವವಳಂತೆ,
‘ನಿನ್ನ ಕಡೆ ಬಿಸಿನೀರು ಬರುತ್ತಿದೆಯಾ?’ ಅಂದಳಂತೆ.

ಆಮೇಲೆ ಕಟ್ಟೆ ಒಡೆಯಿತು ನೋಡಿ.
ಕಾಫಿ ಹೇಗಿದೆ, ಹಾಸಿಗೆ ಹೇಗಿದೆ,
ತೀರಿಹೋದ ಭಾವನ ಗೊರಕೆ ಹೇಗಿತ್ತು.
ಗೊಂಡೊಲದಲ್ಲಿ ತೇಲಿ ಬಂದವರು
ಕಮಾನು ನೋಡುವುದು ಬಿಟ್ಟು
ಕತ್ತೆತ್ತಿ ಇವರನ್ನೇ ಕೇಳಿಕೊಂಡು ಹೋದರು.

ಮಧ್ಯಾಹ್ನ ನನಗೆ ಫೋನು.
ಮೊಣಕಾಲಿನ ಮುಲಾಮು ತಂಗಿಯ ಪೆಟ್ಟಿಗೆಯಲ್ಲಿ ಉಳಿದಿದೆ,
ದಾಟಿಸಿಕೊಡಬೇಕು.
ಹೆಬ್ಬೆರಳಷ್ಟು ಡಬ್ಬಿ, ಐದು ಸೇತುವೆ.
ಇಡೀ ಪೆಟ್ಟಿಗೆಯ ಕೂಲಿ ತೆಗೆದುಕೊಂಡೆ, ನಾಚಿಕೆಯೇನಿಲ್ಲ.
ದಾರಿಯುದ್ದಕ್ಕೂ ಅದು ಭಾರವಾಗಿಯೇ ಇತ್ತು.

ನಾನೆಲ್ಲಿ ಇರುವುದೇ?
ಆಚೆ ಮೆಸ್ತ್ರೆಯಲ್ಲಿ, ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿದೆ.
ಈ ಊರಲ್ಲಿ ಹುಟ್ಟಿದವನಿಗೆ ಈ ಊರ ಬಾಡಿಗೆ ಎಟುಕುವುದಿಲ್ಲ.
ಕಾಲುವೆ ಇಲ್ಲ; ಎದುರಿಗೆ ಟೈರಿನ ಅಂಗಡಿ,
ಅದರ ಮೇಲೊಂದು ಮನೆ.
ಕೊನೆಯ ಬಸ್ಸಿಳಿದು, ದೀಪ ಹಾಕುವ ಮುಂಚೆ
ಒಮ್ಮೊಮ್ಮೆ ಕಿಟಕಿಗೆ ಬಂದು ನಿಲ್ಲುತ್ತೇನೆ.
ಆ ಮನೆಯಾತ ಅಷ್ಟು ಹೊತ್ತಿನಲ್ಲಿ
ತುಳಸಿಯಂಥ ಯಾವುದೋ ಗಿಡಕ್ಕೆ
ಲೋಟದಲ್ಲಿ ನೀರು ಹಾಕುತ್ತಿರುತ್ತಾನೆ.
ಹೆಸರು ಗೊತ್ತಿಲ್ಲ.
ಕೂಗಿದರೆ ಕೇಳುವಷ್ಟು ದೂರ.

ಸರಿ, ತಡವಾಯಿತು.
ಯಾವ ಪೆಟ್ಟಿಗೆ ಮೊದಲು?