ಗಂಟು

ಜಾಸ್ಪರ್ ಊರಿನ ದಿಮ್ಮಿ ಅಂಗಳದಲ್ಲಿ ನನ್ನದೊಂದು ತಗಡಿನ ಕೋಣೆ,
ಒಂದು ಹೀಟರು, ಎರಡು ಕಾಲಮ್ಮು.
ಎಡಕ್ಕೆ ಅಮೆರಿಕ: ಹೋದದ್ದು.
ಬಲಕ್ಕೆ ಚೀನಾ: ಬಂದದ್ದು.
ಶುಕ್ರವಾರದೊಳಗೆ ಹೋಲಿಸಿ ಕೊಡಬೇಕು,
ಬಣ್ಣದ ಚಿತ್ರ ಬೇಡವಂತೆ, ಅಂಕಿ ಸಾಕಂತೆ.

ಹೋದದ್ದೂ ಬಂದದ್ದೂ ಒಂದೇ ಆಗಬೇಕಲ್ಲ?
ಆಗುವುದಿಲ್ಲ.
ಮಾರ್ಚಿನಲ್ಲಿ ನಾವು ಕಳಿಸಿದ ವಾಲ್‌ನಟ್ ನೂರು ಘನಮೀಟರು,
ಅವರು ಇಳಿಸಿಕೊಂಡದ್ದು ತೊಂಬತ್ತಾರು.
ಅಂದರೆ ಹತ್ತು ಹನ್ನೆರಡು ದಿಮ್ಮಿ
ಪೆಸಿಫಿಕ್ಕಿನ ನಡುವೆ ಎಲ್ಲೋ
ಯಾವ ದೇಶದ ಲೆಕ್ಕಕ್ಕೂ ಸೇರದೆ ತೇಲುತ್ತಿವೆ.

ಆಲ್ವಿನ್ ಎಕರ್ಟ್ ನಗುತ್ತಾನೆ.
ಕಾರ್ಖಾನೆ ಮುಚ್ಚುವವರೆಗೆ ಕುರ್ಚಿಯ ಹಿಂಗಾಲು ಕಡೆದವನು,
ಈಗ ಎಪ್ಪತ್ತೊಂದರಲ್ಲಿ ಕೋಲು ಹಿಡಿದು ಮರ ಅಳೆಯುತ್ತಾನೆ.
'ನಾವು ಅಳೆಯುವುದು ಡಾಯ್ಲ್ ಲೆಕ್ಕದಲ್ಲಿ, ತೊಗಟೆ ಬಿಟ್ಟು, ಸಣ್ಣ ತುದಿಗೆ.
ಅದನ್ನು ನೀನು ಮೀಟರು ಮಾಡುತ್ತೀಯ.
ಅವರ ಕೋಲು ಬೇರೆ. ದಾರಿಯಲ್ಲಿ ಮರ ಒಣಗುತ್ತದೆ.
ಮೇಲೆ, ಬರೆದುಕೊಳ್ಳುವವನಿಗೆ ಊಟದ ಹೊತ್ತಾಗಿರುತ್ತದೆ.'
ಸೇರಿಗೆ ಸವಾಸೇರು ಎಂಬುದನ್ನು
ಅವನಿಗೆ ಇಂಗ್ಲಿಷಿನಲ್ಲಿ ಹೇಳಹೋಗಿ ಸೋತೆ.

ಆದರೆ ಗಂಟು ಅವನಿಗೆ ಅರ್ಥವಾಯಿತು.
ಕೊಂಬೆ ಹುಟ್ಟಿದ ಜಾಗ, ದಿಮ್ಮಿಗದು ದೋಷ,
ಸೀಮೆಸುಣ್ಣದ ಒಂದು ಸುತ್ತು, ಒಂದು ದರ್ಜೆ ಕೆಳಗೆ.
ನಮ್ಮಲ್ಲಿ ಕೂಡಿಟ್ಟ ಹಣಕ್ಕೂ ಅದೇ ಹೆಸರು ಅಂದೆ.
'ಹಾಗಾದರೆ ನಿಮ್ಮವರು ಮರ ಕೊಯ್ದೇ ಭಾಷೆ ಕಲಿತವರು'
ಅಂದ. ಇರಬಹುದು.

ಹೋದದ್ದು ಮರ, ಮರಳಿದ್ದು ಮಂಚ.
ನಮ್ಮ ಮನೆಗೂ ಒಂದು ಬಂತು ಪೆಟ್ಟಿಗೆಯಲ್ಲಿ,
ಕಾಲುಗಳಿಗೆ ನಾನೇ ತಿರುಪು ಹಾಕಿದೆ.
ಮೇಲೆ ಹಾಲಿನ ಕೆನೆಯಷ್ಟು ವಾಲ್‌ನಟ್,
ಒಳಗೆಲ್ಲ ಅಂಟು ಕಲಸಿದ ಹೊಟ್ಟು.
ಹೋದ ಪುಟ್ಟ ಬಂದ ಪುಟ್ಟ ಎನ್ನುವಂತಿಲ್ಲ,
ಪುಟ್ಟನ ಚರ್ಮ ಮಾತ್ರ ಬಂದಿದೆ.

ಬುಧವಾರ ಬೆಳಿಗ್ಗೆ ಚಾಂಗ್‌ಜ್ಯಾಗಾಂಗ್ ಬಂದರಿನಿಂದ
ಚೂ ಯಾನ್ ಎಂಬಾಕೆಯ ದೂರು:
ದಿಮ್ಮಿ ಸಂಖ್ಯೆ ೪೪೧೭, ದೋಷ ಕಬ್ಬಿಣ,
ಗರಗಸದ ಏಳು ಹಲ್ಲು ಮುರಿದವು, ಆರುನೂರ ಹತ್ತು ಡಾಲರ್ ಕಡಿತ.
ಜೊತೆಗೊಂದು ಚಿತ್ರ.
ಚೇಗಿನ ಕಪ್ಪಿನೊಳಗೆ ಒಂದು ಕೊಂಡಿ,
ಅದರ ಮೇಲೆ ನಲವತ್ತಮೂರು ಉಂಗುರ.
ಎಣಿಸಿದವಳು ಆಕೆಯೇ. ದೂರಿಗೆ ಅದು ಬೇಕಿರಲಿಲ್ಲ.

ಆಲ್ವಿನ್ ಕನ್ನಡಕ ಹಣೆಗೇರಿಸಿ ನೋಡಿದ.
'ರೊಸೇಲಿಯಾ ಫ್ಲೆಕ್ ಅಂಗಳದ ಮರ.
ಬಟ್ಟೆ ಒಣಗಿಸುವ ಹಗ್ಗದ ಕೊಂಡಿ.
ಮನೆಗೆ ಯಂತ್ರ ಬಂದ ವರ್ಷ ಹಗ್ಗ ಬಿಚ್ಚಿದಳು,
ಕೊಂಡಿ ಬಿಟ್ಟಳು. ಮರ ನುಂಗಿಕೊಂಡಿತು.'
ನಿನಗೆ ಹೇಗೆ ಗೊತ್ತು ಅಂದೆ.
ಅವನು ಸೀಮೆಸುಣ್ಣ ಹುಡುಕತೊಡಗಿದ.
ಅದು ಅವನ ಕಿವಿಯ ಮೇಲೇ ಇತ್ತು.

ಆಮೇಲೆ ಬಾಗಿಲಲ್ಲಿ ನಿಂತು ಕೇಳಿದ:
'ಅದನ್ನು ಅವರು ವಾಪಸ್ ಕಳಿಸುತ್ತಾರಾ?'

ಕಳಿಸಿದರೆ ಯಾವ ಕಾಲಮ್ಮು?
ಹಳೆ ಕಬ್ಬಿಣವೆಂದು ಬಲದಿಂದ ಎಡಕ್ಕೋ,
ಮರದ ಭಾಗವೆಂದು ಎಡದಲ್ಲೇ ಕಳೆಯಲೋ?
ಚೂ ಯಾನಳಿಗೆ ಎರಡು ಸಾಲು ಬರೆದೆ,
ಕಡಿತ ಒಪ್ಪಿದ್ದೇವೆ, ಕೊಂಡಿ ಎಸೆಯಬೇಡಿ.
ನಾಲ್ಕು ಘನಮೀಟರಿನ ಎದುರು 'ಅಳತೆಯ ವ್ಯತ್ಯಾಸ' ಎಂದು ಬರೆದು
ಸ್ವಲ್ಪ ಹೊತ್ತು ಅದನ್ನೇ ನೋಡಿದೆ.

ಹೊರಗೆ ಓಕ್ ತುಂಬಿದ ಲಾರಿ ಬಂದು ನಿಂತಿತ್ತು.
ಚಾಲಕ ಹಾರನ್ ಒತ್ತುತ್ತಲೇ ಇದ್ದ.