ಏಳು ಕೇಜಿ ನಾನೂರು

ಬಂದ ರಾತ್ರಿ ತಕ್ಕಡಿ ತೋರಿಸಿದ್ದು ಏಳು ಕೇಜಿ ನಾನೂರು.
ಎರಡು ವರ್ಷ ಮೂರು ತಿಂಗಳ ಹುಡುಗ, ಸುಹೇಲ್.
ಎದೆ ತುಂಬ ಕಫ, ಮೂಗಿಗೆ ಆಕ್ಸಿಜನ್,
ಕೆನ್ನೆ ಮಾತ್ರ ಉಂಡವನ ಕೆನ್ನೆ.

"ಓಣಿಯಾಗೆ ಎಲ್ಲಾರೂ ಅಂದ್ರು ಮೇಡಂ,
ಹುಡುಗ ಈಗ ಮೈಕೈ ತುಂಬ್ಕಂಡಾನೆ ಅಂತ"
ಎಂದಳು ಖಮರುನ್ನೀಸಾ.
ಮಂಡಕ್ಕಿ ಭಟ್ಟಿಯ ಮಸಿ ಇನ್ನೂ ಉಗುರಲ್ಲಿ.
ಹೊರಗೆ ವರಾಂಡದಲ್ಲಿ, ಅಜ್ಜಿಯ ಮಡಿಲಲ್ಲಿ, ಎರಡನೆಯದು.
ಎದೆಹಾಲು ಅದಕ್ಕೆ. ಇವನಿಗೆ ಚಹಾ,
ಚಹಾದಲ್ಲಿ ಅದ್ದಿದ ಮಂಡಕ್ಕಿ.

ಅವನ ಪಾದದ ಮೇಲೆ ಹೆಬ್ಬೆರಳೊತ್ತಿ
ಐದು ಎಣಿಸಿ ತೆಗೆದೆ.
ಗುಂಡಿ ಹಾಗೇ ಉಳಿಯಿತು,
ಹಸಿ ಗೋಡೆಗೆ ಒತ್ತಿದ ಹಾಗೆ.
ಇದು ಮೈಯಲ್ಲ, ನೀರು ಎಂದೆ.
ಅವಳು ಸಿಸ್ಟರ್ ದ್ರಾಕ್ಷಾಯಣಿಯ ಮುಖ ನೋಡಿದಳು.

ಮೂರನೆಯ ದಿನ ಅವಳೇ ಹೇಳಿದಳು, ನನಗಿಂತ ಚೆನ್ನಾಗಿ:
"ಹಂಗಾರೆ ಮಂಡಕ್ಕಿ ಇದ್ದಂಗೆ.
ಪಾವು ಅಕ್ಕಿ ಬಿಸಿ ಮರಳಿಗೆ ಬಿದ್ರೆ ಪುಟ್ಟಿ ತುಂಬ್ತೈತಿ,
ಹೊತ್ರೆ ಭಾರನೇ ಇಲ್ಲ."

ದಾವಣಗೆರೆ ಮಂಡಕ್ಕಿಯನ್ನು ತೂಗುವುದಿಲ್ಲ, ಅಳೆಯುತ್ತದೆ.
ಸೇರಿನ ಬಾಯಿಮಟ್ಟ ತುಂಬಿ, ಮೇಲೊಂದು ಹಿಡಿ ಕೊಸರು.
ನನ್ನ ಕೆಲಸ ತೂಗುವುದು.
ಈ ಐಸಿಯುವಿನ ಆಹಾರ ತಜ್ಞೆ ನಾನು,
ಗ್ರಾಂ ಲೆಕ್ಕದ ಹೆಂಗಸು, ಕೊಸರು ಕೊಡಲಾರದವಳು.

ಹಸಿದ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ಹೃದಯ ನಿಂತೀತು
ಎಂಬುದನ್ನು ಯಾವ ತಾಯಿಗೆ ಯಾವ ಬಾಯಲ್ಲಿ ಹೇಳುವುದು?
ಎರಡು ಗಂಟೆಗೊಮ್ಮೆ ಅರವತ್ತು ಎಂಎಲ್,
ಮೂಗಿನ ನಳಿಗೆಗೆ, ಸಿರಿಂಜು ಎತ್ತಿ ಹಿಡಿದು.
ಹಾಲು ತನ್ನ ಭಾರಕ್ಕೆ ತಾನೇ ಇಳಿಯಬೇಕು, ತಳ್ಳಬಾರದು.
ಇಳಿಯುವಾಗ ಅವಳ ಗಂಟಲೂ ನುಂಗುತ್ತಿತ್ತು.

ಅದೂ ತಪ್ಪುತ್ತಿತ್ತು.
ಎಕ್ಸ್‌ರೇ ಎಂದು ಒಂದು ಸಲ, ಉಸಿರು ಏರಿತೆಂದು ಎರಡು ಸಲ,
ಹೊಟ್ಟೆ ಉಬ್ಬರಿಸಿತೆಂದು ಇಡೀ ರಾತ್ರಿ.
ಡ್ಯೂಟಿ ಡಾಕ್ಟರಿಗೆ ಬೆಳಿಗ್ಗೆ ಕೂಡಿಸಿ ತೋರಿಸಿದೆ:
ನಾವು ಬರೆದದ್ದು ಏಳುನೂರ ಇಪ್ಪತ್ತು, ಒಳಗೆ ಹೋದದ್ದು ಮುನ್ನೂರು.
ಮನೆಯಲ್ಲಿ ಹಸಿದದ್ದಕ್ಕೆ ಮನೆಯವರನ್ನು ಬಯ್ಯುತ್ತೇವೆ,
ಇಲ್ಲಿ ಹಸಿದದ್ದಕ್ಕೆ ಯಾರ ಸಹಿ?
ಅವನು ಉತ್ತರ ಕೊಡಲಿಲ್ಲ. ಆದರೆ
ಮುಂದಿನ ಸಲ ಎಕ್ಸ್‌ರೇಯವನನ್ನು
ಹಾಲು ಮುಗಿಯುವ ತನಕ ಬಾಗಿಲಲ್ಲೇ ನಿಲ್ಲಿಸಿದ.

ಆರನೆಯ ದಿನ ಆರು ಕೇಜಿ ಒಂಬೈನೂರು.
ಎಂಟನೆಯ ದಿನ ಆರು ಇನ್ನೂರು.
ನೀರು ಬಿಡುತ್ತಿದೆ ಎಂದು ನಾವು ಒಳಗೊಳಗೇ ಹಿಗ್ಗಿದೆವು.
ಅವಳು ಗೋಡೆಗೊರಗಿ ಕೂತಳು.
"ದಿನಾ ಹಾಲು ಹಾಕ್ತೀರಿ, ದಿನಾ ಇಳೀತಾನೆ.
ಎಲ್ಲಿಗೆ ಹೋಗ್ತೈತಿ ಮೇಡಂ, ಅಷ್ಟು ಹಾಲು?"
ಪಕ್ಕೆಲುಬು ಒಂದೊಂದಾಗಿ ಮೇಲೆ ಬರುತ್ತಿದ್ದವು,
ಹೊಂಡದ ನೀರು ಇಳಿದಾಗ ಮೆಟ್ಟಿಲು ಕಂಡ ಹಾಗೆ.
ಇವನೇ ನಿನ್ನ ಮಗ, ಆಗ ಕಂಡದ್ದಲ್ಲ ಎಂದೆ.
ಹೇಳಬಾರದಿತ್ತೇನೋ.

ಅವನ ತೋಳಿಗೆ ಸುತ್ತಿದ ಪಟ್ಟಿ ಕೆಂಪಿನಲ್ಲಿ ನಿಂತದ್ದು ನೋಡಿ
"ನಂದೂ ನೋಡ್ರಿ" ಎಂದಳು, ನಗುತ್ತ.
ಇದು ಮಕ್ಕಳದಮ್ಮ, ಎನ್ನುತ್ತಲೇ ಸುತ್ತಿದೆ.
ಮಕ್ಕಳ ಪಟ್ಟಿ ಅವಳ ರಟ್ಟೆಯನ್ನು ಬಳಸಿ ಬಂದು
ಇನ್ನೂ ನಾಕು ಬೆರಳು ಉಳಿಯಿತು.
ನಾನು ಅಂಕಿ ಓದಲಿಲ್ಲ.
ದ್ರಾಕ್ಷಾಯಣಿ ಮಾತಾಡದೆ ತನ್ನ ಡಬ್ಬಿ ತೆರೆದಳು.

ಹನ್ನೊಂದನೆಯ ದಿನ, ಪಾಳಿ ಬದಲಾಗುವ ಹೊತ್ತು,
ಒಳಬಂದರೆ ಅವಳೇ ಅವನ ಪಾದ ಹಿಡಿದಿದ್ದಾಳೆ.
ಹೆಬ್ಬೆರಳೊತ್ತಿ, ತುಟಿಯಲ್ಲೇ ಎಣಿಸುತ್ತ: ಏಕ್, ದೋ, ತೀನ್...
ಐದಾಗುವ ಮುಂಚೆ ಅವನು ಝಾಡಿಸಿ ಒದ್ದ.
ಬಂದಾಗಿನಿಂದ ಮೊದಲ ಸಲ ಅತ್ತ,
ಸಿಟ್ಟಿನಿಂದ, ಒಡಕು ದನಿಯಲ್ಲಿ,
ಆಚೆ ಹಾಸಿಗೆಯ ತಾಯಿ ಎದ್ದು ಬರುವಂತೆ.
"ಹಸಿವು!" ಎಂದಳು ದ್ರಾಕ್ಷಾಯಣಿ,
ಬಹಳ ದಿನಕ್ಕೆ ಬಂದ ನೆಂಟರನ್ನು ಬಾಗಿಲಲ್ಲಿ ಕಂಡವಳಂತೆ.

ತಕ್ಕಡಿ ಆರು ಕೇಜಿಯ ಹತ್ತಿರವೇ ಇದೆ. ಆಕ್ಸಿಜನ್ ಇನ್ನೂ ತೆಗೆದಿಲ್ಲ.
ಏಳನೆಯ ಹಾಸಿಗೆಗೆ ಹರಿಹರದ ಕಡೆಯಿಂದ ಇನ್ನೊಂದು ಮಗು ಬಂದಿದೆ,
ಕೆನ್ನೆ ತುಂಬಿಕೊಂಡು.
ಖಮರುನ್ನೀಸಾ ಆ ತಾಯಿಯ ಬಳಿ ಹೋಗಿ ಕೂತಿದ್ದಾಳೆ.
ಏನು ಮಾತಾಡುತ್ತಿದ್ದಾರೋ ನನಗೆ ಕೇಳುತ್ತಿಲ್ಲ.
ಅವಳ ಹೆಬ್ಬೆರಳು ಕಾಣುತ್ತಿದೆ.