ದಾರಿಯ ಹತ್ತಿ

ದೇವಿಮನೆ ಘಟ್ಟ ಇಳಿದ ಗಾಡಿಗಳು
ಕುಮಟೆಯ ತಿರುವಿನಲ್ಲಿ ಒಮ್ಮೆ ನಿಲ್ಲುತ್ತಿದ್ದವು.
ಅಂಡಿಗೆ ಸಡಿಲ, ಎತ್ತಿನ ಬಾಯಲ್ಲಿ ನೊರೆ.
ಬೇಲಿಯ ಬದಿಗೆ ನಾನು,
ಮಡಿಲು ಕಟ್ಟಿಕೊಂಡು.

ಪರಗಿ ಮುಳ್ಳಿಗೆ ಸಿಕ್ಕಿದ್ದು ಒಂದು ಹಿಡಿ,
ಚಿರೆಕಲ್ಲ ಪಾಗಾರಕ್ಕೆ ಅಂಟಿದ್ದು ಅರೆ ಹಿಡಿ,
ಚಕ್ರದ ಜಾಡಿನಲ್ಲಿ ಕೆಂಪು ಕುಡಿದದ್ದು,
ಸಗಣಿಯ ಮೇಲೆ ಕೂತದ್ದನ್ನೂ ಬಿಡುತ್ತಿರಲಿಲ್ಲ,
ಮೇಲಿನ ಪದರ ಬಿಡಿಸಿಕೊಳ್ಳುತ್ತಿದ್ದೆ.
ಸಾವಕಾರರ ಲೆಕ್ಕದಲ್ಲಿ ಅದು ದಾರಿಯ ಪಾಲು.

ನೀನೂ ಹಾಗೇ ಅಲ್ಲವಾ ಅಂದಳು ಮೀನಿನ ದೇವಕಿ.
ಅಲ್ಲ.
ನಾನು ಉದುರಿದವಳಲ್ಲ, ಇಳಿದವಳು.

ಮಿರ್ಜಾನಿನ ಆ ಮನೆಯಲ್ಲಿ
ದೀಪ ಹಚ್ಚಿಟ್ಟು ಕಾಯಬೇಕು.
ಬಂದವನು ಮೊದಲು ಅದನ್ನು ಊದುತ್ತಿದ್ದ.
ಕತ್ತಲಲ್ಲಿ ಬಿದ್ದ ಪೆಟ್ಟಿಗೆ
ಯಾರ ಕೈ ಅಂತ ಸಾಕ್ಷಿ ಇಲ್ಲ ನೋಡಿ.
ಬೆಳಿಗ್ಗೆ ಅತ್ತೆ ಬತ್ತಿಯ ಕರಿ ತಿಕ್ಕುತ್ತ
ಎಣ್ಣೆ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದಳು.

ಅಘನಾಶಿನಿ ದಾಟುವಾಗ ಅಂಬಿಗ ಕೇಳಿದ,
‘ತವರಿಗಾ?’
ತವರಲ್ಲಿ ಅಣ್ಣ ಇದ್ದ, ಅತ್ತಿಗೆ ಇದ್ದಳು,
ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಇತ್ತು.
ಮಾತಾಡದೆ ಕಾಲುಂಗುರ ಎರಡನ್ನೂ ಬಿಚ್ಚಿ ಕೊಟ್ಟೆ.
ಅವನು ಒಂದನ್ನು ಇಟ್ಟುಕೊಂಡ.
‘ದಾಟುವುದು ಒಂದೇ ಹೊಳೆ’ ಅಂದ.

ಉಳಿದ ಇನ್ನೊಂದು ಬಿಲ್ಲಿನ ನರಕ್ಕೆ ಹೋಯಿತು.
ಪಿಂಜಾರ ಮೊದೀನ್ ಸಾಬನ ಬಿಲ್ಲು ಹಳೆಯದು,
ಅವನ ಭುಜ ಅದಕ್ಕಿಂತ ಹಳೆಯದು.
‘ಸಿಟ್ಟಿನಿಂದ ಮೀಟಬೇಡ ಮಗಾ, ಎಳೆ ತುಂಡಾಗುತ್ತದೆ.
ಕಾಳು ಮಾತ್ರ ಸಿಡಿಯಬೇಕು.’
ಇಡೀ ಒಂದು ಬೇಸಿಗೆ ತುಂಡು ಮಾಡಿದೆ.
ಆಮೇಲೆ ಒಂದು ದಿನ ಟುಂಯ್ ಅಂತ ಸದ್ದು ಬಂದು
ಅರಳೆ ಎದ್ದು ನನ್ನ ಹುಬ್ಬಿನ ಮೇಲೆ ಕೂತಿತು.
ಮುದುಕ ನಕ್ಕ. ನಾನೂ.
ನನ್ನ ನಗೆಯ ದನಿ ನನಗೇ ಗುರುತು ಹತ್ತಲಿಲ್ಲ.

ಮೊದಲು ಬತ್ತಿ ಹೊಸೆದು ಮಾರಿದೆ,
ಆಮೇಲೆ ತಲೆದಿಂಬು.
ಸೋಡಚೀಟಿ ಬಂತು, ಹತ್ತು ಸಮಸ್ತರ ರುಜು ಹಾಕಿಸಿ.
ಓದಲು ಬಾರದು,
ತಕ್ಕಡಿಯ ಕಲ್ಲಿನ ಕೆಳಗೆ ಇಟ್ಟೆ.

ಯಾವುದೋ ದೂರದ ದೇಶದಲ್ಲಿ ಅಣ್ಣತಮ್ಮಂದಿರ ಯುದ್ಧವಂತೆ,
ಅದಕ್ಕೇ ನಮ್ಮ ಹತ್ತಿಗೆ ಬಂಗಾರದ ಬೆಲೆಯಂತೆ.
ಬಂದರಿನ ತುಂಬ ಪತ್ತೆಮಾರಿ.
ಮತ್ತೆ ಆ ಯುದ್ಧ ನಿಂತಿತಂತೆ.
ಒಂದೇ ಮಳೆಗಾಲಕ್ಕೆ ಮೂವರು ಸಾವಕಾರರು ಮಳಿಗೆಗೆ ಬೀಗ ಜಡಿದರು,
ಅಂಡಿಗೆಗಳು ದಂಡೆಯಲ್ಲೇ ಮುಗ್ಗಿದವು.
ಆಗ ದುಡ್ಡು ಕೊಟ್ಟು ಹತ್ತಿ ಕೊಂಡೆ,
ಇಡೀ ಒಂದು ಅಂಡಿಗೆ.

‘ಹೆಸರು?’ ಗುಮಾಸ್ತ ಕೇಳಿದ.
‘ಬೀರಮ್ಮ.’
‘ಯಾರ ಬೀರಮ್ಮ?’
ಹಿಂದೆ ಇಬ್ಬರು ಹಮಾಲರು ಕಾಯುತ್ತಿದ್ದರು, ಬಿಸಿಲಿತ್ತು.
‘ಹತ್ತಿಯ ಬೀರಮ್ಮ ಅಂತ ಬರಿ’ ಅಂದೆ.

ಮೊನ್ನೆ ಅತ್ತೆ ಬಂದಿದ್ದಳು.
ಹೊಸ ಸೊಸೆಯ ಕೂಸಿಗೆ ಒಂದು ಪುಟ್ಟ ಹಾಸಿಗೆ ಬೇಕಂತೆ.
‘ಗಂಡೋ?’
‘ಹೆಣ್ಣು’ ಅಂದಳು, ನೆಲ ನೋಡುತ್ತ.
ಹೊಸ ಹತ್ತಿ ಹಿಂಜಿದೆ. ಕಾಳು ಹುಡುಕಿ ಹುಡುಕಿ ತೆಗೆದೆ.
ಹೊಲಿಗೆ ಮುಗಿಯುವ ತನಕ
ಹೊಸ್ತಿಲಲ್ಲಿ ಕೂತು ನನ್ನ ಕೈಯನ್ನೇ ನೋಡಿದಳು.
‘ನಮ್ಮವಳೇ ಅಲ್ಲವಾ, ಎರಡು ದುಡ್ಡು ಬಿಡು.’
‘ನಿಮ್ಮವಳಾಗಿದ್ದಾಗ ಬಿಟ್ಟದ್ದೇ ಬಹಳವಾಯಿತು, ಅತ್ತೆ.’
ಪೂರ್ತಿ ಎಣಿಸಿಕೊಂಡೆ.

ಮೆಟ್ಟಿಲಿಳಿದವಳನ್ನು ಮತ್ತೆ ಕರೆದು
ಒಂದು ಕಟ್ಟು ಬತ್ತಿ ಕೊಟ್ಟೆ, ಲೆಕ್ಕಕ್ಕಿಲ್ಲದ್ದು.
‘ಆ ಹುಡುಗಿಗೆ ಕೊಡಿ.
ದಪ್ಪಗೆ ಹೊಸೆದಿದ್ದೇನೆ,
ಊದಿದರೆ ಆರುವುದಿಲ್ಲ.’

ಮುದುಕಿ ಏನೂ ಅನ್ನಲಿಲ್ಲ.
ಸೆರಗಿನ ತುದಿಗೆ ಅದನ್ನು ಕಟ್ಟಿಕೊಂಡಳು,
ಗಂಟು ಎರಡು ಹಾಕಿ.